ಇಳಿಯದ ಬಾಟಲಿ: ಪೆರ್ಲದ ಬಳಿಯ ಮನೆಯೊಂದರ ಸೊಳ್ಳೆ ಮೆಷಿನ್ ಪ್ರಕರಣ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಪೇಟೆಯಲ್ಲಿ ನನ್ನದು ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಪಂಪಿನ ಸ್ಟಾರ್ಟರ್ ರಿಪೇರಿಯ ಅಂಗಡಿ. ಸೊಳ್ಳೆ ಮೆಷಿನ್ನನ್ನು ರಿಪೇರಿಗೆಂದು ಯಾರೂ ತರುವುದಿಲ್ಲ. ಕೆಟ್ಟರೆ ಎಸೆದು ಹೊಸತು ಕೊಳ್ಳುತ್ತಾರೆ, ಅದೇ ಲಾಭ. ಹಾಗಾಗಿ ಫೆಬ್ರವರಿಯ ಒಂದು ಮಧ್ಯಾಹ್ನ ಪೆರ್ಲದ ಆಚೆಯ ತೋಟದ ಮನೆಗೆ ಸ್ಟಾರ್ಟರ್ ಜೋಡಿಸಲು ಹೋಗಿದ್ದಾಗ, ಮನೆಯ ಯಜಮಾನರು ಅದನ್ನೂ ಕೈಗಿತ್ತಾಗ ನಾನು ಹೆಚ್ಚು ಗಮನ ಕೊಡಲಿಲ್ಲ. ಅವರು ನನಗೆ ದೂರದ ಸಂಬಂಧ. ಹುಡುಕುತ್ತಾ ಹೋದರೆ ನಮ್ಮಲ್ಲಿ ಎಲ್ಲರೂ ಭಾವಂದಿರೇ.

“ಭಾವ, ಬಾಟಲಿ ಹಾಕಿ ಒಂದೂವರೆ ತಿಂಗಳಾಯಿತು. ಔಷಧ ಇಳಿದೇ ಇಲ್ಲ. ಸೊಳ್ಳೆಗಳೇ ಅದರ ಮೇಲೆ ಕೂತಿರುತ್ತವೆ” ಎಂದರು.

ಮೆಷಿನ್ನನ್ನು ಕೈಯಲ್ಲಿ ಹಿಡಿದು ಮಲ್ಟಿಮೀಟರ್ ಇಟ್ಟೆ. ಪಿನ್ನುಗಳ ನಡುವೆ 11 ಕಿಲೋ ಓಮ್‌ನ ಆಸುಪಾಸು ತೋರಿಸಿತು. ಐದು ವಾಟಿನ ಮೆಷಿನ್ 240 ವೋಲ್ಟಿಗೆ ಲೆಕ್ಕ ಹಾಕಿದರೆ ಅಷ್ಟೇ ಬರಬೇಕು. ಅಂದರೆ ಒಳಗಿನ ತಂತಿ ಕಡಿದಿಲ್ಲ. ಪ್ಲಗ್ಗಿಗೆ ಹಾಕಿದಾಗ ಐದು ನಿಮಿಷದಲ್ಲಿ ಮೇಲಿನ ಉಂಗುರ ಬೆರಳು ಸುಡುವಷ್ಟು ಬಿಸಿಯಾಯಿತು. ವೋಲ್ಟೇಜ್ 228. ಮೆಷಿನ್ ಸರಿಯಿದೆ, ಬಾಟಲಿಯೇ ಹಳೆಯ ಸರಕು ಎಂದು ತೀರ್ಪು ಕೊಟ್ಟು, ಹೊಸ ಬಾಟಲಿ ತರಲು ಹೇಳಿ ಚಹಾ ಕುಡಿದು ಬಂದೆ.

ಆ ತೀರ್ಪು ತಪ್ಪು. ಮುಂದೆ ನಡೆದ ಎಲ್ಲ ಗೊಂದಲಕ್ಕೂ ಆ ಮಧ್ಯಾಹ್ನದ ನನ್ನ ಅವಸರವೇ ಮೂಲ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಈ ಮೆಷಿನ್ ಕೆಲಸ ಮಾಡುವ ರೀತಿ ಮೇಲ್ನೋಟಕ್ಕೆ ಬಹಳ ಸರಳ. ಬಾಟಲಿಯೊಳಗೆ ಪೆನ್ಸಿಲ್ ದಪ್ಪದ ಗಟ್ಟಿ ಬತ್ತಿ ಇದೆ. ಅದು ಹತ್ತಿಯದಲ್ಲ, ಪುಡಿಯನ್ನು ಒತ್ತಿ ಮಾಡಿದ, ಕಣ್ಣಿಗೆ ಕಾಣದ ರಂಧ್ರಗಳುಳ್ಳ ಕಡ್ಡಿ. ದೀಪದ ನೆಣೆ ಎಣ್ಣೆ ಎಳೆಯುವಂತೆ ಅದೂ ದ್ರವವನ್ನು ಮೇಲಕ್ಕೆ ಎಳೆಯುತ್ತದೆ. ಬತ್ತಿಯ ತುದಿಯ ಸುತ್ತ ಬಿಸಿ ಉಂಗುರವಿದೆ. ಅದು ಬತ್ತಿಗೆ ತಾಗುವುದಿಲ್ಲ. ಸುತ್ತಲೂ ಮಿಲಿಮೀಟರಿನಷ್ಟು ಗಾಳಿ ಬಿಟ್ಟು, ದೂರದಿಂದಲೇ ಕಾಯಿಸುತ್ತದೆ. ಬಾಟಲಿಯ ದ್ರವದಲ್ಲಿ ಕೀಟನಾಶಕದ ಪಾಲು ತೀರಾ ಕಡಿಮೆ. ಅವರ ಬಾಟಲಿಯ ಮೇಲೆ ಟ್ರಾನ್ಸ್‌ಫ್ಲುಥ್ರಿನ್ ಶೇಕಡಾ 1.6 ಎಂದಿತ್ತು. ಉಳಿದದ್ದೆಲ್ಲ ವಾಸನೆ ತೆಗೆದ ಸೀಮೆಎಣ್ಣೆಯ ಜಾತಿಯ ತೆಳು ಎಣ್ಣೆ. ಅದು ಪೂರ್ತಿ ಆವಿಯಾಗಿ ಹೋಗುತ್ತದೆ, ಹಿಂದೆ ಏನನ್ನೂ ಬಿಡುವುದಿಲ್ಲ. ನಲವತ್ತೈದು ಮಿಲಿಲೀಟರ್ ಬಾಟಲಿ ದಿನಕ್ಕೆ ಎಂಟು ಗಂಟೆಯಂತೆ ಅರುವತ್ತು ರಾತ್ರಿ ಬರಬೇಕೆಂದರೆ ರಾತ್ರಿಯೊಂದಕ್ಕೆ ಮುಕ್ಕಾಲು ಮಿಲಿಲೀಟರ್ ಹೋಗಬೇಕು. ತೂಕದಲ್ಲಿ ಸುಮಾರು 0.6 ಗ್ರಾಂ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೊಸ ಬಾಟಲಿಯೂ ಇಳಿಯಲಿಲ್ಲ. ಅದನ್ನು ನನಗೆ ಯಾರೂ ತಿಳಿಸಲಿಲ್ಲ. ರಿಪೇರಿಯವನ ಮಾತು ಒಮ್ಮೆ ಸುಳ್ಳಾದ ಮೇಲೆ ಮನೆಯವರು ತಾವೇ ವೈದ್ಯರಾಗುತ್ತಾರೆ. ಇಲ್ಲಿ ವೈದ್ಯೆಯಾದವರು ಎಂಬತ್ತು ದಾಟಿದ ಅಜ್ಜಿ. “ಸೊಳ್ಳೆಗೆ ನಾಟದ ವಿಷವನ್ನು ನಾವು ಯಾಕೆ ಉಸಿರಾಡಬೇಕು?” ಎಂದು ಅವರು ಕೇಳಿದರಂತೆ. ಪೆರ್ಲ ಸೇರಿರುವ ಎಣ್ಮಕಜೆ ಪಂಚಾಯತಿನಲ್ಲಿ ಈ ಪ್ರಶ್ನೆಗೆ ಇರುವ ತೂಕ ಬೇರೆ ಊರಿನಲ್ಲಿ ಇರಲಿಕ್ಕಿಲ್ಲ. ಇಲ್ಲಿನ ಗೇರು ತೋಪುಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಅಜ್ಜಿ ಕಣ್ಣಾರೆ ಕಂಡವರು. ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆದದ್ದು 2011ರಲ್ಲಿ. ಟ್ರಾನ್ಸ್‌ಫ್ಲುಥ್ರಿನ್ ಆ ಜಾತಿಯದಲ್ಲ, ಪೈರೆಥ್ರಾಯ್ಡ್ ಎಂಬ ಬೇರೆಯೇ ಕೀಟನಾಶಕ ಗುಂಪಿನದು ಎಂದು ಅವರಿಗೆ ಪಾಠ ಮಾಡಲು ನಾನು ಹೋಗಲಿಲ್ಲ. ಅವರ ಭಯ ಪುಸ್ತಕದಿಂದ ಬಂದದ್ದಲ್ಲ.

ಅಜ್ಜಿಯ ಔಷಧ ಬೇವಿನೆಣ್ಣೆ ಮತ್ತು ಕರ್ಪೂರ. ಮೊಬೈಲಿನಲ್ಲಿ ಹರಿದಾಡುವ ಮನೆಮದ್ದು ಇದೇ: ಖಾಲಿ ಬಾಟಲಿಯ ಬತ್ತಿ ಕಿತ್ತು, ಬೇವಿನೆಣ್ಣೆಗೆ ಕರ್ಪೂರ ಪುಡಿಮಾಡಿ ಹಾಕಿ ತುಂಬಿಸಿ, ಬತ್ತಿಯನ್ನು ಮತ್ತೆ ಒತ್ತಿಡುವುದು. ಮನೆಯಲ್ಲಿ ಮೆಷಿನ್ ಎರಡಿತ್ತು. ಜಗಲಿಗೆ ತಾಗಿದ ಕೋಣೆಯಲ್ಲಿ ನಾನು ನೋಡಿದ್ದ ಹಳೆಯದು, ಅಜ್ಜಿ ಮಲಗುವಲ್ಲಿ. ಹಿಂದಿನ ಕೋಣೆಯಲ್ಲಿ ಮಂಗಳೂರಿನಿಂದ ತಂದ ಇನ್ನೊಂದು, ಸೊಸೆ ಮತ್ತು ಮೂರು ವರ್ಷದ ಮಗು ಮಲಗುವಲ್ಲಿ. ಎರಡಕ್ಕೂ ಬೇವಿನೆಣ್ಣೆ ತುಂಬಿಸಲಾಯಿತು.

ಹಿಂದಿನ ಕೋಣೆಯಲ್ಲಿ ಮೊದಲ ರಾತ್ರಿಯೇ ಬೆಳ್ಳಗೆ ಹೊಗೆ ಬಂತು. ಮನೆಯವರಿಗೆ ಖುಷಿ. ಹೊಗೆ ಕಂಡರೆ ಔಷಧ ಕೆಲಸ ಮಾಡುತ್ತಿದೆ ಎಂಬ ನಂಬಿಕೆ ನಮ್ಮದು. ಲೋಬಾನ ಹಾಕಿದ ಅಭ್ಯಾಸ ಅಲ್ಲವೇ? ಮುಂದಿನ ಕೋಣೆಯಲ್ಲಿ ಹೊಗೆಯೂ ಇಲ್ಲ, ಪರಿಮಳವೂ ಅಷ್ಟಕ್ಕಷ್ಟೆ. ವಾರ ಕಳೆಯುವಷ್ಟರಲ್ಲಿ ಹಿಂದಿನ ಕೋಣೆಯ ಹೊಗೆಯೂ ನಿಂತಿತು. ಬತ್ತಿಯ ತುದಿ ಕರಿಯಾಗಿ, ಅರಗು ಮೆತ್ತಿದಂತೆ ಹೊಳೆಯುತ್ತಿತ್ತು. ಭಾವ ಅದನ್ನು ಪೀಶಕತ್ತಿಯಿಂದ ಕೆರೆದರು. ಎರಡು ದಿನ ನಡೆಯಿತು, ಮತ್ತೆ ನಿಂತಿತು.

ಅಷ್ಟರಲ್ಲಿ ವಿಷುವಿಗೆಂದು ಭಾವನ ಸೋದರಳಿಯ ದುಬೈಯಿಂದ ಬಂದಿದ್ದ. ಅಲ್ಲಿ ಅವನಿಗೆ ಆವಿ ಸಿಗರೇಟಿನ, ಅಂದರೆ ಇ-ಸಿಗರೇಟಿನ, ಹುಚ್ಚು ಇತ್ತಂತೆ. ಅದರಲ್ಲೂ ಕಾಯಿಲ್ ತಾನೇ ಸುತ್ತಿ, ಹತ್ತಿ ತಾನೇ ತುರುಕುವ ನಮೂನೆಯದು. ಭಾರತದಲ್ಲಿ 2019ರ ಕಾನೂನು ಅದರ ತಯಾರಿ, ಆಮದು, ಮಾರಾಟ ಎಲ್ಲವನ್ನೂ ನಿಷೇಧಿಸಿರುವುದರಿಂದ ಸಲಕರಣೆಯನ್ನು ಅಲ್ಲೇ ಬಿಟ್ಟು ಬಂದಿದ್ದ, ಆದರೆ ಕೈಚಳಕ ಜೊತೆಗೇ ಬಂದಿತ್ತು. “ಇದು ಸುಟ್ಟ ಬತ್ತಿಯ ಸಮಸ್ಯೆ ಮಾವ, ನಾನು ಸರಿ ಮಾಡುತ್ತೇನೆ” ಎಂದು ಹಳೆಯ ಕಡ್ಡಿ ಎಸೆದು, ದೇವರ ಕೋಣೆಯಿಂದ ಹತ್ತಿ ತಂದು, ಹೊಸೆದು, ದಪ್ಪ ನೆಣೆ ಮಾಡಿ ಬಾಟಲಿಯ ಬಾಯಿಗೆ ಬಿಗಿಯಾಗಿ ತುರುಕಿದ.

ಮಾರನೆಯ ರಾತ್ರಿ ಒಂಬತ್ತಕ್ಕೆ ಸೊಸೆಯ ಫೋನ್. “ಅಣ್ಣ, ಮೆಷಿನ್ನಿನಿಂದ ಬಟ್ಟೆ ಸುಟ್ಟ ವಾಸನೆ ಬರುತ್ತಿದೆ. ಮಗು ಕೆಮ್ಮುತ್ತಿದ್ದಾಳೆ.” ಮೊದಲು ಪ್ಲಗ್ ತೆಗೆದು ಮೆಷಿನ್ನನ್ನು ಅಂಗಳದಲ್ಲಿಡಿ, ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ ಎಂದೆ. ಮರುದಿನ ಸಂಜೆ ಹೊರಟೆ. ಮಧ್ಯಾಹ್ನ ಹೋಗದೆ ಸಂಜೆ ಹೋದದ್ದು ಬುದ್ಧಿವಂತಿಕೆಯಿಂದಲ್ಲ, ಅಂಗಡಿಯಲ್ಲಿ ಕೆಲಸವಿತ್ತು. ಆದರೆ ಪ್ರಕರಣ ತೆರೆದುಕೊಂಡದ್ದೇ ಅದರಿಂದ.

ಮನೆ ತಲುಪಿದಾಗ ಏಳೂವರೆ. ಜಗಲಿಯ ಟ್ಯೂಬ್‌ಲೈಟ್ ಹೊತ್ತಿಕೊಳ್ಳಲು ಮಿಣಕಾಡುತ್ತಿತ್ತು. ಫ್ಯಾನ್ ಅಲಕ್ಷ್ಯದಿಂದ ತಿರುಗುತ್ತಿತ್ತು. ಮೀಟರ್ ಇಟ್ಟು ನೋಡಿದರೆ 170 ವೋಲ್ಟ್. ಮೀಟರ್ ಬೋರ್ಡಿನ ಬುಡದಲ್ಲೂ ಅಷ್ಟೇ ಇದ್ದುದರಿಂದ ಮನೆಯ ವೈರಿಂಗಿನ ದೋಷವಲ್ಲ. ಕೆಳಗೆ ಕಣಿವೆಯುದ್ದಕ್ಕೂ ಅಡಿಕೆ ತೋಟಗಳು. ಜನವರಿಯಿಂದ ಮಳೆ ಬೀಳುವವರೆಗೆ ರಾತ್ರಿಯೆಲ್ಲ ಒಬ್ಬರಲ್ಲ ಒಬ್ಬರ ಪಂಪು ಓಡುತ್ತಿರುತ್ತದೆ, ಸ್ಪ್ರಿಂಕ್ಲರ್ ತಿರುಗುತ್ತಿರುತ್ತದೆ. ಈ ಮನೆ ಇರುವುದು ಲೈನಿನ ಕೊನೆಯ ಕಂಬದಲ್ಲಿ. ಹಗಲಿಗೆ 228, ರಾತ್ರಿಗೆ 170. ನಾನು ಹಗಲು ನೋಡಿ ತೀರ್ಪು ಕೊಟ್ಟಿದ್ದೆ. ಸೊಳ್ಳೆ ಮೆಷಿನ್ ಹಾಕುವುದು ರಾತ್ರಿ ಎಂಬುದು ನನಗೆ ಹೊಳೆಯಲೇ ಇಲ್ಲ.

170 ಎಂದರೆ 240ರ ಮುಕ್ಕಾಲಿಗೆ ತುಸು ಕಡಿಮೆ. ನಷ್ಟ ಕಾಲು ಭಾಗವಷ್ಟೇ ಎನಿಸುತ್ತದೆ. ಆದರೆ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಲೆಕ್ಕ ಹಾಕಿದರೆ ಐದು ವಾಟಿನ ಜಾಗದಲ್ಲಿ ಎರಡೂವರೆ ವಾಟ್, ಸರಿಯಾಗಿ ಅರ್ಧ. ಆವಿಯಾಗುವುದಂತೂ ಅರ್ಧಕ್ಕಿಂತಲೂ ಬಹಳ ಕೆಳಗೆ ಇಳಿಯುತ್ತದೆ, ಏಕೆಂದರೆ ಉಷ್ಣತೆ ಸ್ವಲ್ಪ ತಗ್ಗಿದರೂ ಆವಿಯ ಪ್ರಮಾಣ ಹಲವು ಪಟ್ಟು ತಗ್ಗುತ್ತದೆ. ಒದ್ದೆ ಬಟ್ಟೆ ಬಿಸಿಲಿಗೂ ನೆರಳಿಗೂ ಒಣಗುವ ವ್ಯತ್ಯಾಸ ಯೋಚಿಸಿದರೆ ಸಾಕು.

ಹಾಗಾದರೆ ಅದೇ ರಾತ್ರಿ, ಅದೇ 170 ವೋಲ್ಟಿನಲ್ಲಿ, ಹಿಂದಿನ ಕೋಣೆಯ ಮೆಷಿನ್ ಹತ್ತಿಯನ್ನು ಸುಡುವಷ್ಟು ಬಿಸಿಯಾದದ್ದು ಹೇಗೆ?

“ಬೇವಿನೆಣ್ಣೆ ಹಾಕುವ ಮೊದಲು ಹಿಂದಿನ ಕೋಣೆಯಲ್ಲಿ ಔಷಧ ಇಳಿಯುತ್ತಿತ್ತೇ?” ಎಂದು ಕೇಳಿದೆ. “ಅದು ಸರಿಯೇ ಇತ್ತಲ್ಲ, ಎರಡು ತಿಂಗಳಿಗೆ ಒಂದು ಬಾಟಲಿ ಖಾಲಿ” ಎಂದಳು ಸೊಸೆ. ಫೆಬ್ರವರಿಯಲ್ಲಿ ಈ ಒಂದು ಪ್ರಶ್ನೆ ಕೇಳಿದ್ದರೆ ಅಜ್ಜಿ ಬೇವಿನೆಣ್ಣೆಯ ಡಬ್ಬ ಮುಟ್ಟುತ್ತಲೇ ಇರಲಿಲ್ಲ.

ಎರಡೂ ಮೆಷಿನ್, ಮೂರೂ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ತಂದೆ. ಬಿಚ್ಚಿ ನೋಡಿದಾಗ ಗುಟ್ಟು ಸಿಕ್ಕಿತು. ಹಳೆಯದರಲ್ಲಿ ಇದ್ದದ್ದು ಪಿಂಗಾಣಿ ಬಿಲ್ಲೆಯೊಳಗೆ ಸಿಮೆಂಟಿನಲ್ಲಿ ಹುಗಿದ ಸಾಮಾನ್ಯ ರೆಸಿಸ್ಟರ್. ವೋಲ್ಟೇಜ್ ಎಷ್ಟು ಕೊಟ್ಟರೆ ಅಷ್ಟೇ ಕಾಯುವ ಬಡಪಾಯಿ. ಮಂಗಳೂರಿನದರಲ್ಲಿ ಪಿಟಿಸಿ ಬಿಲ್ಲೆ. ಇದರ ಸ್ವಭಾವವೇ ಬೇರೆ: ತಣ್ಣಗಿರುವಾಗ ವಿದ್ಯುತ್ತನ್ನು ಧಾರಾಳವಾಗಿ ಬಿಡುತ್ತದೆ, ನಿಗದಿತ ಬಿಸಿ ತಲುಪುತ್ತಿದ್ದಂತೆ ಅದರ ತಡೆ ಒಮ್ಮೆಲೇ ಏರಿ ತಾನೇ ತನಗೆ ಕಡಿವಾಣ ಹಾಕಿಕೊಳ್ಳುತ್ತದೆ. ವೋಲ್ಟೇಜ್ ಕಡಿಮೆಯಾದರೆ ತಡೆಯನ್ನು ಇಳಿಸಿ ಬಿಸಿಯನ್ನು ಕಾಯ್ದುಕೊಳ್ಳುತ್ತದೆ. ಹೊರಗಿನ ಪ್ಲಾಸ್ಟಿಕ್ಕು ನೋಡಿದರೆ ಎರಡೂ ಅಕ್ಕತಂಗಿಯರಂತೆ. ಅಂಗಡಿಯವರಿಗೂ ವ್ಯತ್ಯಾಸ ಗೊತ್ತಿರುವುದಿಲ್ಲ.

ನನ್ನಲ್ಲಿ ಒಂದು ವೇರಿಯಾಕ್ ಇದೆ. ಮುಳ್ಳು ತಿರುಗಿಸಿ ಬೇಕಾದ ವೋಲ್ಟೇಜ್ ಕೊಡಬಹುದು. 170ಕ್ಕೆ ನಿಲ್ಲಿಸಿ, ಎರಡೂ ಮೆಷಿನ್‌ಗಳಿಗೆ ಕಂಪನಿಯ ಹೊಸ ಬಾಟಲಿ ಹಾಕಿ, ಉಂಗುರಕ್ಕೆ ಉಷ್ಣತೆ ಅಳೆಯುವ ತಂತಿ ಮುಟ್ಟಿಸಿದೆ. ಪಿಟಿಸಿ 125 ಡಿಗ್ರಿಯ ಹತ್ತಿರ ನಿಂತಿತು. ರೆಸಿಸ್ಟರಿನದು ಎಂಬತ್ತು ದಾಟಲು ಒದ್ದಾಡಿತು. ಪಕ್ಕದ ಚಿನ್ನದ ಅಂಗಡಿಯವರ ಪುಟ್ಟ ತಕ್ಕಡಿಯಲ್ಲಿ ಬಾಟಲಿಗಳನ್ನು ತೂಗಿ ಇಟ್ಟು, ಎಂಟು ಗಂಟೆಯ ಬಳಿಕ ಮತ್ತೆ ತೂಗಿದೆ. ಪಿಟಿಸಿಯದು ಅರ್ಧ ಗ್ರಾಂಗೂ ಮಿಕ್ಕಿ ಇಳಿದಿತ್ತು. ಹಳೆಯದರಲ್ಲಿ ಅದರ ಐದನೆಯ ಒಂದು ಪಾಲೂ ಇಲ್ಲ. ಇನ್ನು ವೇರಿಯಾಕ್ 235ಕ್ಕೆ ಏರಿಸಿದರೆ ಅದೇ ಹಳೆಯ ಮೆಷಿನ್ ಶಿಸ್ತಾಗಿ 0.6 ಗ್ರಾಂ ಕುಡಿಯಿತು. “ಸೊಳ್ಳೆಯ ತೂಕವನ್ನೂ ನೋಡಬೇಕೇ?” ಎಂದು ಚಿನ್ನದ ಅಂಗಡಿಯವರು ನಕ್ಕರು.

ಬೇವಿನೆಣ್ಣೆಯ ಬತ್ತಿಯನ್ನು ಹ್ಯಾಕ್ಸಾ ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು ನೋಡಿದೆ. ತುದಿಯಲ್ಲಿ ಹೊರಗಿನ ಪದರ ಕಪ್ಪಗೆ ಗಾಜಿನಂತಾಗಿತ್ತು, ನಡುವೆ ಇನ್ನೂ ಹಳದಿ ಎಣ್ಣೆ ಒಸರುತ್ತಿತ್ತು. ಅಂದರೆ ಎಣ್ಣೆ ಮೇಲೇರಿದೆ, ಹೊರಬರಲು ಬಾಗಿಲಿಲ್ಲ. ಬೇವಿನೆಣ್ಣೆ ಕೂಡ ತೆಂಗಿನೆಣ್ಣೆಯಂತೆ ಕೊಬ್ಬಿನ ಎಣ್ಣೆ. ಅದು ಕುದಿದು ಆವಿಯಾಗುವ ವಸ್ತುವಲ್ಲ. ಕಾಯುತ್ತಾ ಕಾಯುತ್ತಾ ಒಡೆಯುತ್ತದೆ, ಗಾಳಿ ತಾಗಿ ಅಂಟಾಗುತ್ತದೆ, ಕೊನೆಗೆ ವಾರ್ನಿಷ್ ಆಗುತ್ತದೆ. ದೋಸೆಯ ಕಾವಲಿಯ ಅಂಚಿನಲ್ಲಿ ವರ್ಷಗಟ್ಟಲೆ ಕೂತ ಕರಿ ಜಿಡ್ಡು ಇದೇ. ಮೊದಲ ರಾತ್ರಿಯ ಬಿಳಿ ಹೊಗೆಯೂ ಔಷಧದ ಆವಿಯಲ್ಲ, ಎಣ್ಣೆ ಕೆಡುವ ಹೊಗೆ. ಕಂಪನಿಯ ದ್ರವ ಸರಿಯಾಗಿ ಕೆಲಸ ಮಾಡುವಾಗ ಕಣ್ಣಿಗೆ ಏನೂ ಕಾಣುವುದಿಲ್ಲ. ಭಾವ ಕತ್ತಿಯಿಂದ ಕೆರೆದಾಗ ಹೊರಪದರ ಹೋಗಿ ಎರಡು ದಿನ ಬಾಗಿಲು ತೆರೆಯಿತು, ಮತ್ತೆ ಹೊಸ ವಾರ್ನಿಷ್ ಕೂತಿತು. ಸಾಲದ್ದಕ್ಕೆ ಈ ಎಣ್ಣೆ ತೆಳು ಸೀಮೆಎಣ್ಣೆಗಿಂತ ಹತ್ತಾರು ಪಟ್ಟು ಮಂದ. ಆ ಸಣ್ಣ ರಂಧ್ರಗಳಲ್ಲಿ ಅದು ಏರುವ ವೇಗವೂ ಅಷ್ಟೇ ಕಡಿಮೆ.

ಕರ್ಪೂರದ ಕಥೆ ಇನ್ನೊಂದು. ಮುಚ್ಚಳದ ಒಳಗೆ, ತಣ್ಣಗಿರುವ ಪ್ಲಾಸ್ಟಿಕ್ಕಿನ ಮೇಲೆ, ಅದು ಬಿಳಿ ಹರಳಾಗಿ ಮತ್ತೆ ಕೂತಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಬೇಗ ಹೊತ್ತಿಕೊಳ್ಳುವ ಪದಾರ್ಥವನ್ನು ರಾತ್ರಿಯಿಡೀ ಬಿಸಿ ಉಂಗುರದ ಪಕ್ಕ ಇಡುವುದು, ಅದೂ ಮಗು ಮಲಗುವ ಕೋಣೆಯಲ್ಲಿ! ಕರ್ಪೂರ ಹೊಟ್ಟೆಗೆ ಹೋದರೆ ಸಣ್ಣ ಮಕ್ಕಳಿಗೆ ಫಿಟ್ಸ್ ಬರಬಹುದು. ಬಾಟಲಿ ಮಗುವಿನ ಕೈಗೆ ಎಟಕುವ ಎತ್ತರದಲ್ಲೇ ಇತ್ತು. ಅಜ್ಜಿಗೆ ನಾನು ಗಟ್ಟಿಯಾಗಿ ಹೇಳಿದ ಮಾತು ಇದೊಂದೇ.

ಅಳಿಯನ ಹತ್ತಿಗೆ ಬಂದರೆ, ಅವನ ಕೈಕೆಲಸದಲ್ಲಿ ದೋಷವಿರಲಿಲ್ಲ. ಹೊಸೆದದ್ದು ಅಚ್ಚುಕಟ್ಟಾಗಿತ್ತು. ಅವನು ತಪ್ಪಿದ್ದು ಹೋಲಿಕೆಯಲ್ಲಿ. ಸುಟ್ಟ ನೆಣೆಯನ್ನು ಮುಂದಿಟ್ಟುಕೊಂಡು ನಾವಿಬ್ಬರೂ ಅಂಗಡಿಯಲ್ಲಿ ಒಂದು ಗಂಟೆ ಮಾತಾಡಿದೆವು. ಆ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಅವನಿಗೆ ಬಹಳ ಗೊತ್ತಿತ್ತು. ಆವಿ ಸಿಗರೇಟಿನಲ್ಲಿ ಹತ್ತಿ ಕಾಯಿಲಿಗೆ ತಾಗಿಯೇ ಇರಬೇಕು. ದ್ರವ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲಿನದು. ಕಾಯಿಲ್ ಕಾಯುವುದು ಗುಂಡಿ ಒತ್ತಿದ ನಾಲ್ಕೈದು ಸೆಕೆಂಡು ಮಾತ್ರ. ಮುಂದಿನ ದಮ್ಮಿನವರೆಗೆ ಹತ್ತಿಗೆ ಮತ್ತೆ ಒದ್ದೆಯಾಗಲು ಸಮಯವಿದೆ. ಹತ್ತಿ ಬಿಗಿಯಾಗಿ ತುರುಕಿದರೆ, ಅಥವಾ ಬಿಡುವಿಲ್ಲದೆ ಎಳೆದರೆ, ಒಣಗಿದ ಹತ್ತಿ ಸುಟ್ಟು ಗಂಟಲು ಕೆರೆಯುತ್ತದೆ ಎಂದು ಅವನೇ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ಮುಖದಲ್ಲಿ ನಗು ಮೂಡಿತು. ಏಕೆಂದರೆ ಇಲ್ಲಿ ಅವನು ಮಾಡಿದ್ದು ಅದನ್ನೇ: ಬಾಟಲಿಯ ಬಾಯಿಯಲ್ಲಿ ಬಿಗಿದ ಹತ್ತಿ, ಏರಲು ಒಲ್ಲದ ಮಂದ ಎಣ್ಣೆ, ಎಂಟು ಗಂಟೆ ಬಿಡುವಿಲ್ಲದ ಬಿಸಿ. ಮೇಲಾಗಿ ಅವನ ನೆಣೆ ಮೂಲ ಕಡ್ಡಿಗಿಂತ ದಪ್ಪವಾಗಿದ್ದುದರಿಂದ ಉಂಗುರಕ್ಕೆ ಒರಗಿ ನಿಂತಿತ್ತು. ಗಾಳಿಯ ಆ ಒಂದು ಮಿಲಿಮೀಟರ್ ಇದ್ದದ್ದು ಸುಮ್ಮನೆ ಅಲ್ಲ.

ಪರಿಹಾರ ಹೆಚ್ಚು ಖರ್ಚಿನದಾಗಲಿಲ್ಲ. ಮುಂದಿನ ಕೋಣೆಗೆ ಇನ್ನೊಂದು ಪಿಟಿಸಿ ಮೆಷಿನ್ ತಂದುಕೊಟ್ಟೆ. ಎಣ್ಣೆ ಮೆತ್ತಿದ ಬತ್ತಿಗಳನ್ನು ತೊಳೆಯುವ ಗೋಜಿಗೆ ಹೋಗಲಿಲ್ಲ. ವಾರ್ನಿಷ್ ಕೂತ ರಂಧ್ರ ಮತ್ತೆ ತೆರೆಯುವುದಿಲ್ಲ. ಪಿಟಿಸಿ ಉಂಗುರಕ್ಕೆ ಅಂಟಿದ್ದ ಮಸಿಯನ್ನು ತಣ್ಣಗಿರುವಾಗ ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಪ್ಲಗ್ಗಿಗೆ ಹಾಕಿದೆ. ವೋಲ್ಟೇಜ್ ವಿಷಯದಲ್ಲಿ ಭಾವ ಅರ್ಜಿ ಕೊಟ್ಟಿದ್ದಾರೆ, ಅದರ ಕಥೆ ಇಲ್ಲಿ ಬೇಡ.

ಒಂದು ಕೊರತೆ ಮಾತ್ರ ಉಳಿಯಿತು. ಅದು ಹೆಂಚಿನ ಮನೆ. ಗೋಡೆ ಮತ್ತು ಮಾಡಿನ ನಡುವೆ ಬೆಕ್ಕು ನುಸುಳುವಷ್ಟು ಜಾಗವಿದೆ. ಎಷ್ಟು ಒಳ್ಳೆಯ ಮೆಷಿನ್ ಹಾಕಿದರೂ ಆವಿಯ ಅರ್ಧ ತೋಟಕ್ಕೆ ಹೋಗುತ್ತದೆ. ಬೆಕ್ಕಿಗೂ ಅದು ಒಳ್ಳೆಯದಲ್ಲ. ಪೈರೆಥ್ರಾಯ್ಡ್ ಬೆಕ್ಕಿನ ದೇಹಕ್ಕೆ ಬೇಗ ಕರಗದು, ಮೀನಿಗಂತೂ ವಿಷವೇ. ಆದ್ದರಿಂದ ಮಗುವಿಗೆ ಸೊಳ್ಳೆಪರದೆ ಕಟ್ಟಿಸಿದೆ. ಅಜ್ಜಿಯೂ ತನಗೊಂದು ಬೇಕೆಂದು ಕೇಳಿ ತರಿಸಿಕೊಂಡರು. ವಿಷವಿಲ್ಲದ ಉಪಾಯ ಬೇಕೆಂದು ಅವರು ಕೇಳಿದ್ದ ಪ್ರಶ್ನೆಗೆ ಸರಿಯಾದ ಉತ್ತರ ಪರದೆಯೇ ಆಗಿತ್ತು, ಬೇವಿನೆಣ್ಣೆಯಲ್ಲ. ಹಗಲು ಕಚ್ಚುವ ಪಟ್ಟೆ ಸೊಳ್ಳೆ, ಅಂದರೆ ಡೆಂಗಿ ಹರಡುವಂಥದ್ದು, ಹುಟ್ಟುವುದು ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ, ರಬ್ಬರ್ ಹಾಲಿನ ಚಿಪ್ಪಿನಲ್ಲಿ ನಿಂತ ನೀರಿನಲ್ಲಿ. ರಾತ್ರಿ ಉರಿಸುವ ಮೆಷಿನ್ನಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಿ, ಹಾಳೆಗಳನ್ನು ಕವುಚಿ ಹಾಕಲು ಭಾವನಿಗೆ ತಿಳಿಸಿದೆ.

ಬಾಟಲಿಗಳ ಮೇಲೆ ಪೆನ್ನಿನಿಂದ ಗೆರೆ ಎಳೆದು ತಾರೀಕು ಬರೆದುಕೊಟ್ಟಿದ್ದೆ. ಮೇ ಕೊನೆಗೆ ಹೋದಾಗ ಎರಡರಲ್ಲೂ ಅರ್ಧದಷ್ಟು ಇಳಿದಿತ್ತು. ವೋಲ್ಟೇಜ್ ಆಗಲೂ 172.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬೇರೆ ಕೆಲಸಕ್ಕೆಂದು ಮತ್ತೊಮ್ಮೆ ಹೋಗಬೇಕಾಯಿತು. ಮಳೆ ಹಿಡಿದು ತಿಂಗಳಾಗಿ ಕಣಿವೆಯ ಪಂಪುಗಳೆಲ್ಲ ಮಲಗಿದ್ದವು. ಜಗಲಿಯ ಟ್ಯೂಬ್‌ಲೈಟ್ ಒಂದೇ ಏಟಿಗೆ ಹೊತ್ತಿಕೊಂಡಿತು. ಮೀಟರ್ ಇಟ್ಟರೆ 221. ಮೂಲೆಯ ಪ್ಲಗ್ಗಿನಲ್ಲಿ ಆ ಹಳೆಯ ರೆಸಿಸ್ಟರ್ ಮೆಷಿನ್ ಕೂತಿತ್ತು. ಅಜ್ಜಿ ಅದನ್ನು ಎಸೆಯದೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರಂತೆ. ಬಾಟಲಿಯಲ್ಲಿ ಎರಡು ಬೆರಳು ಇಳಿದಿತ್ತು.

“ನೋಡಿದೆಯಾ ಮಾಣಿ, ಇದೇ ಸರಿಯಿತ್ತು” ಎಂದರು ಅಜ್ಜಿ. “ನೀನು ಸುಮ್ಮನೆ ಹೊಸತಕ್ಕೆ ದುಡ್ಡು ಹಾಕಿಸಿದೆ.”